ಬೀಸುವ ಕಲ್ಲಿನ ಹಾಡೂ ಆಂಗ್ಲ ವಿದ್ಯೆಯೂ



ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡರು. ಪರೀಕ್ಷೆಯ ಫಲಗಳನ್ನೂ ಕಟ್ಟಡದ ಕೆಲಸವನ್ನೂ ಕುರಿತು ಬರೆಯುವುದು ಸುಲಭವಾಗಿತ್ತು. ಆದರೆ ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುವು. ಆದಕಾರಣ ಬಹುದಿನಗಳಿಂದ ನಮ್ಮ ಮನಸ್ಸನ್ನು ಕೊರೆಯುತ್ತಿರುವ ಒಂದು ವಿಷಯವನ್ನು ಇಲ್ಲಿ ನಿವೇದಿಸಿಕೊಳ್ಳಬೇಕೆಂದಿದ್ದೇವೆ.

ಪ್ರವೇಶದ ಕಾಲದಲ್ಲಿ ಪಾಲಕರು ನಮ್ಮನ್ನು ಕೇಳುವ ಮೊದಲನೆಯ ಪ್ರಶ್ನೆ ಇಂಗ್ಲೀಷಿನದು. ಹುಡುಗಿಗೆ ಇಂಗ್ಲೀಷು ಚೆನ್ನಾಗಿ ಬರುವುದೋ, ಇಂಗ್ಲೀಷಿನ ಹಾಡು ಆಟಗಳನ್ನು ಕಲಿಸುವಿರೋ ಎಂದು ಕೇಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆ ಭಾಷೆಯು ನಮಗೂ ಅನ್ನವನ್ನು ಕೊಟ್ಟಿರುವುದು, ಅರಿವನ್ನೂ ಕೊಟ್ಟಿರುವುದು. ಕ್ರಿಸ್‌ಮಸ್ಸಿನ ಗೀತಗಳು, ಬ್ಯಾಸ್ಕೆಟ್‌ಬಾಲು, ಥ್ರೋಬಾಲು ಇವಿಲ್ಲದ ನಮ್ಮ ಶಾಲೆಯನ್ನು ನಾವೇ ಊಹಿಸಲಾರೆವು. ಆದರೆ ಇಂಗ್ಲೀಷು ನುಡಿಯುವ ಜನರಿಂದ ನಾವು ಅವರ ಹಾಡನ್ನು ಕಲಿತೆವು; ಅವರು ತಮ್ಮ ಹಾಡನ್ನು ಹೇಗೆ ಕಾಪಾಡಿಕೊಂಡರೆಂಬುದನ್ನು ಕಲಿಯಲಿಲ್ಲ. ಅವರ ಆಟಗಳನ್ನು ಆಡಿದೆವು. ತಮ್ಮ ಆಟಗಳಿಗೆ ಅವರು ಎಂತಹ ಗೌರವವನ್ನು ಕೊಟ್ಟರೆಂಬುದನ್ನು ನೋಡಲಿಲ್ಲ. ಇದೇ ನಮ್ಮ ಕೊರಗು.

ಈ ದೋಷವನ್ನು ಪರರ ಮೇಲೆ ಹೊರಿಸುವ ಹಕ್ಕು ನಮಗಿಲ್ಲ. ನಾವು ಹೊಸದಾಗಿ ಶಿಕ್ಷಕಿಯ ವೃತ್ತಿಗೆ ಸೇರಿದ ದಿನಗಳಲ್ಲಿ, ಹಲಸಂಗಿಯ ಕಡೆಯ ಒಬ್ಬ ಹುಡುಗಿಯು ಒಂದು ಸಾಯಂಕಾಲ ವಸತಿಗೃಹದ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತ ತನ್ನಷ್ಟಕ್ಕೆ ತಾನೇ ಒಂದು ತ್ರಿಪದಿಯನ್ನು ಹಾಡಿಕೊಳ್ಳುತ್ತಿದ್ದಳು. ಅದರಲ್ಲಿ ಮಲ್ಲಯ್ಯನ ಹೆಸರು ಬಂದಿತು. ಮಿಶನ್ ಶಾಲೆಯ ಅಂಗಳದಲ್ಲಿ ಇದು ಸಲ್ಲದೆಂದು ನಮಗೆ ತೋರಿತು. “ಇಲ್ಲಿ ಅದೆಲ್ಲ ಬೇಡವ್ವ, ಕಲಿಸಿದ ಹಾಡು ಹಾಡು” ಎಂದೆವು. ಹುಡುಗಿಯು “ಆತ್ರಿ ಅಕ್ಕೋರ” ಎಂದು ಸುಮ್ಮನಾದಳು. ಆಕೆ ಎಷ್ಟು ವಿಧೇಯಳೆಂದು ಅಂದು ನಾವು ಸಂತೋಷಪಟ್ಟುದೂ ನೆನಪಿದೆ.

ಆ ಹುಡುಗಿಯು ಈಗ ತಾಯಿಯಾಗಿದ್ದಾಳೆ. ಇತ್ತೀಚೆಗೆ ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಾಗ, ನಾವು ಆ ಸಾಯಂಕಾಲವನ್ನು ಜ್ಞಾಪಿಸಿ, ಆ ಹಾಡನ್ನು ಮತ್ತೊಮ್ಮೆ ಕೇಳಬೇಕೆಂಬ ಆಸೆಯನ್ನು ಹೇಳಿದೆವು. ಆಕೆ ನಕ್ಕು, ಅನಂತರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವು ಅವ್ವನ ಬಾಯಾಗ ಇದ್ದೂ ಅಕ್ಕೋರ. ಅವ್ವ ಹೋದ್ಲು, ಹಾಡೂ ಹೋದೂ. ಒಂದರದು ಎರಡು ಸಾಲು ಬರ್ತಾವ, ಮೂರನೇದು ಬರೂದಿಲ್ಲ” ಎಂದಳು. ಮಗಳು ತಾಯಿಯ ಮುಖವನ್ನು ನೋಡುತ್ತ ನಿಂತಿದ್ದಳು. ಆಕೆಗೆ ಆ ಎರಡು ಸಾಲುಗಳೂ ಬರುತ್ತಿರಲಿಲ್ಲ. ನಾವು ಬೇಡವೆಂದ ಒಂದು ಮಾತಿನಿಂದಲೇ ಇಷ್ಟೆಲ್ಲ ಆಯಿತೆಂದು ಹೇಳುವುದಿಲ್ಲ. ಆದರೆ ಆ ಮಾತನ್ನು ಆಡಿದವರಲ್ಲಿ ನಾವೂ ಒಬ್ಬರಾಗಿದ್ದೆವು.

ಇದು ನಡೆದದ್ದು ಹಲಸಂಗಿಯ ಹುಡುಗಿಯ ವಿಷಯದಲ್ಲೆಂಬುದು ನಮ್ಮನ್ನು ಹೆಚ್ಚಾಗಿ ನಾಚಿಸುವುದು. ಏಕೆಂದರೆ ಇಂಡಿಯ ಸೀಮೆಯ ಈ ಚಿಕ್ಕ ಹಳ್ಳಿಯ ಹೆಸರು ಕನ್ನಡ ಸಾಹಿತ್ಯದಲ್ಲಿ ಚಿರಸ್ಥಾಯಿಯಾದದ್ದೇ ಹೆಣ್ಣುಮಕ್ಕಳ ಹಾಡುಗಳಿಂದ. ಮಧುರಚೆನ್ನರೆಂದು ಪ್ರಸಿದ್ಧರಾದ ಚೆನ್ನಮಲ್ಲಪ್ಪನವರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಇವರೇ ಮೊದಲಾದ ಹಲಸಂಗಿ ಗೆಳೆಯರು ತಮ್ಮ ತಾರುಣ್ಯದಲ್ಲಿ, ಯಾವ ವಿಶ್ವವಿದ್ಯಾಲಯದ ಆಶ್ರಯವೂ ಇಲ್ಲದೆ, ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ತಾಯಂದಿರು ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿಯೂ, ‘ಜೀವನ ಸಂಗೀತ’ 1933ರಲ್ಲಿಯೂ, ‘ಮಲ್ಲಿಗೆ ದಂಡೆ’ 1935ರಲ್ಲಿಯೂ ಹೊರಬಂದುವು. ತವರು, ಅಣ್ಣತಮ್ಮಂದಿರು, ಹಸುಳೆ, ಗಂಡನ ಮನೆ, ಬಡತನ, ದೈವಭಕ್ತಿ ಈ ಎಲ್ಲವೂ ಓದು ಬರಹ ಬಾರದ ಹೆಂಗಸರ ಬಾಯಲ್ಲಿ ಎಂತಹ ಕಾವ್ಯವಾಗಿದ್ದುವೆಂಬುದನ್ನು ನಾಡು ಆಗ ಕಂಡಿತು. ಕನ್ನಡದ ಜಾನಪದ ಸಂಗ್ರಹಕಾರ್ಯಕ್ಕೆ ಈ ಗೆಳೆಯರು ಹಾಕಿಕೊಟ್ಟ ದಾರಿ ದೊಡ್ಡದು. ಲಿಂಗಾಯತರೂ ಮುಸಲ್ಮಾನರೂ ಕೂಡಿ ತಾಯಂದಿರ ಬಳಿ ಕುಳಿತು ಹಾಡು ಕೇಳಿದ ಆ ಗೆಳೆತನವು ಸಾಹಿತ್ಯಕ್ಕಿಂತಲೂ ಕಡಿಮೆಯ ಸಂಪತ್ತಲ್ಲ.

ಆದರೆ ಒಂದು ಪ್ರಶ್ನೆಯನ್ನು ವಿನಯದಿಂದ ಕೇಳುತ್ತೇವೆ. ಸಂಗ್ರಹಿಸಿದ ಗೆಳೆಯರ ಹೆಸರುಗಳನ್ನು ನಾವು ಬಲ್ಲೆವು. ಹಾಡಿದ ತಾಯಂದಿರ ಹೆಸರುಗಳನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಇದು ಆ ಮಹನೀಯರ ಮೇಲಿನ ದೂರಲ್ಲ. ಆ ಕಾಲದ ತಾಯಂದಿರಿಗೆ ಬರಹ ಬಾರದಿತ್ತು. ಆದ್ದರಿಂದ ಗಂಡುಮಕ್ಕಳು ಬರೆದರು. ಇಂದು ಹೆಣ್ಣುಮಕ್ಕಳಿಗೆ ಬರಹ ಬರುತ್ತದೆ. ಅದನ್ನು ಕಲಿಸುವುದಕ್ಕಾಗಿಯೇ ನಮ್ಮ ಶಾಲೆಯಂತಹ ಶಾಲೆಗಳು ಹುಟ್ಟಿದುವು. ಬರಹ ಬಂದ ಮಗಳು ತನ್ನ ಅವ್ವನ ಹಾಡನ್ನು ಬರೆದಿಡದಿದ್ದರೆ ಆ ವಿದ್ಯೆಯಿಂದ ತಾಯಿಗೆ ದೊರೆತ ಫಲವೇನು?

ಇನ್ನು, ನಾವು ಇಷ್ಟು ಮೆಚ್ಚುವ ಇಂಗ್ಲೀಷು ನುಡಿಯುವ ದೇಶಗಳಲ್ಲಿ ಏನು ನಡೆಯಿತೆಂಬುದನ್ನು ನೋಡೋಣ. ಅಲ್ಲಿಯೂ ಒಂದು ಕಾಲದಲ್ಲಿ ಹಳ್ಳಿಗರ ಹಾಡುಗಳನ್ನು ವಿದ್ಯಾವಂತರು ಹೀನವೆಂದು ಎಣಿಸುತ್ತಿದ್ದರು. ಸರ್ ವಾಲ್ಟರ್ ಸ್ಕಾಟನು ಸ್ಕಾಟ್ಲೆಂಡಿನ ಗಡಿಸೀಮೆಯ ಲಾವಣಿಗಳನ್ನು ಕೂಡಿಸಿ 1802 ಮತ್ತು 1803ರಲ್ಲಿ ಅಚ್ಚುಹಾಕಿಸಿದನು. ಅವನಿಗೆ ಹಾಡುಗಳನ್ನು ಕೊಟ್ಟವರಲ್ಲಿ, ಕುರಿಗಾಹಿ ಕವಿಯೆಂದು ಹೆಸರಾದ ಜೇಮ್ಸ್ ಹಾಗ್‌ನ ತಾಯಿ ಮಾರ್ಗರೆಟ್ ಲೇಡ್ಲಾ ಒಬ್ಬಳು. ಹಾಡುಗಳು ಇರುವುದು ಹಾಡುವುದಕ್ಕೆ, ಓದುವುದಕ್ಕಲ್ಲ. ಅಚ್ಚುಹಾಕಿಸಿ ನೀನು ಅವನ್ನು ಕೆಡಿಸಿದೆ ಎಂದು ಆಕೆ ಸ್ಕಾಟನಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದಳೆಂದು ಮಗನು ಬರೆದಿಟ್ಟಿದ್ದಾನೆ. ಆ ಮುದುಕಿಯ ಮಾತಿನಲ್ಲಿ ಸತ್ಯವಿದೆ. ಆದರೂ ಬರೆಯದೆ ಹೋಗಿದ್ದರೆ ಆಕೆಯ ಹಾಡೂ ಉಳಿಯುತ್ತಿರಲಿಲ್ಲ, ಆಕೆಯ ಆಕ್ಷೇಪಣೆಯೂ ನಮಗೆ ತಿಳಿಯುತ್ತಿರಲಿಲ್ಲ. ಬರೆದಿಡುವುದೂ ಬೇಕು, ಹಾಡುವುದನ್ನು ಬಿಡದಿರುವುದೂ ಬೇಕು ಎಂಬುದೇ ನಾವು ಇದರಿಂದ ಕಲಿಯತಕ್ಕ ನೀತಿ.

ಅಮೇರಿಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಎಂಬವರು ಇಂಗ್ಲೆಂಡು ಸ್ಕಾಟ್ಲೆಂಡುಗಳ 305 ಲಾವಣಿಗಳನ್ನು ಅವುಗಳ ಪಾಠಭೇದಗಳೊಡನೆ ಶೋಧಿಸಿದರು. ಆ ಮಹಾಗ್ರಂಥವು 1882ರಿಂದ 1898ರವರೆಗೆ ಭಾಗಭಾಗವಾಗಿ ಪ್ರಕಟವಾಯಿತು. ಕೊನೆಯ ಭಾಗವು ಅಚ್ಚಾಗುವ ಮೊದಲೇ, 1896ರಲ್ಲಿ, ಅವರು ತೀರಿಕೊಂಡರು. ಆತನು ಬಹುವಾಗಿ ಅವಲಂಬಿಸಿದ ಪಾಠಗಳಲ್ಲಿ ಕೆಲವು ಸ್ಕಾಟ್ಲೆಂಡಿನ ಪಾದ್ರಿಯೊಬ್ಬರ ಹೆಂಡತಿಯಾದ ಆನಾ ಗೋರ್ಡನ್ ಎಂಬಾಕೆಯ ನೆನಪಿನಿಂದ ಬಂದುವು. ಪ್ರಾಧ್ಯಾಪಕನ ಪಾಂಡಿತ್ಯದ ಬುಡದಲ್ಲಿ ಒಬ್ಬ ಹೆಣ್ಣುಮಗಳ ನೆನಪು ಇತ್ತೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಮರೆಯಬಾರದು.

ನಮ್ಮ ಎದೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟುವುದು ಇನ್ನೊಂದು ಪ್ರಸಂಗ. ಅಮೇರಿಕದ ಕೆಂಟಕಿ ಪ್ರಾಂತದ ಗುಡ್ಡಗಾಡಿನಲ್ಲಿ ಹಿಂಡ್‌ಮನ್ ಎಂಬ ಊರಿದೆ. ಅಲ್ಲಿ ಮೇ ಸ್ಟೋನ್, ಕ್ಯಾಥರಿನ್ ಪೆಟಿಟ್ ಎಂಬ ಇಬ್ಬರು ಮಹಿಳೆಯರು 1902ರಲ್ಲಿ ಬಡಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದಿದ್ದರು. ಕೆಲವು ವರ್ಷಗಳ ಅನಂತರ ಆಲಿವ್ ಡೇಮ್ ಕ್ಯಾಂಬೆಲ್ ಎಂಬಾಕೆ ಆ ಶಾಲೆಗೆ ಬಂದಿದ್ದಾಗ, ಒಬ್ಬ ವಿದ್ಯಾರ್ಥಿನಿಯು ತನ್ನ ಮನೆಯಲ್ಲಿ ಕಲಿತ ಒಂದು ಹಳೆಯ ಲಾವಣಿಯನ್ನು ಹಾಡಿದಳು. ಅದು ತಲೆಮಾರುಗಳ ಹಿಂದೆ ಸಮುದ್ರ ದಾಟಿ ಬಂದವರು ಬಾಯಲ್ಲಿ ಹೊತ್ತು ತಂದ ಹಾಡಾಗಿತ್ತು. ಆ ಒಂದು ಹಾಡು ಕ್ಯಾಂಬೆಲ್ಲರನ್ನು ಊರೂರು ತಿರುಗಿ ಬರೆದುಕೊಳ್ಳುವಂತೆ ಮಾಡಿತು. ಆಕೆ ತನ್ನ ಸಂಗ್ರಹವನ್ನು ಇಂಗ್ಲೆಂಡಿನ ಸೆಸಿಲ್ ಶಾರ್ಪ್ ಎಂಬ ಸಂಗೀತ ವಿದ್ವಾಂಸನಿಗೆ ತೋರಿಸಿದಳು. ಶಾರ್ಪನು ಮಾಡ್ ಕಾರ್ಪಿಲಿಸ್ ಎಂಬ ಮಹಿಳೆಯೊಡನೆ 1916ರಿಂದ 1918ರವರೆಗೆ ಆ ಗುಡ್ಡಗಳಲ್ಲಿ ಅಲೆದು ಸುಮಾರು 1,600 ಮಟ್ಟುಗಳನ್ನು ಬರೆದುಕೊಂಡನು. ಅವನು ರಾಗವನ್ನು ಬರೆಯುತ್ತಿರಲು ಆಕೆ ಶೀಘ್ರಲಿಪಿಯಲ್ಲಿ ಮಾತುಗಳನ್ನು ಬರೆಯುತ್ತಿದ್ದಳು. ಕ್ಯಾಂಬೆಲ್ ಮತ್ತು ಶಾರ್ಪ್ ಇಬ್ಬರ ಹೆಸರಿನಿಂದಲೂ ಮೊದಲ ಗ್ರಂಥವು 1917ರಲ್ಲಿ ಹೊರಬಂದಿತು.

ಸೋದರಿಯರೇ, ಈ ಎರಡು ಶಾಲೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಅಲ್ಲಿ ಒಬ್ಬ ಹುಡುಗಿ ಮನೆಯ ಹಾಡು ಹಾಡಿದಳು, ಕೇಳುವವಳೊಬ್ಬಳು ದೊರೆತಳು, ಒಂದು ಸೀಮೆಯ ಹಾಡೇ ಉಳಿಯಿತು. ಇಲ್ಲಿ ಒಬ್ಬ ಹುಡುಗಿ ಮನೆಯ ಹಾಡು ಹಾಡಿದಳು. ನಾವು “ಬೇಡವ್ವ” ಎಂದೆವು.

ನಮ್ಮ ಸೀಮೆಯಲ್ಲಿಯೇ ಈ ಕೆಲಸವನ್ನು ಮಾಡಿದ ಆಂಗ್ಲ ಅಧಿಕಾರಿಯೊಬ್ಬರೂ ಇದ್ದರು. ಮುಂಬಯಿ ಸರಕಾರದ ಸೇವೆಯಲ್ಲಿದ್ದ ಜೆ. ಎಫ್. ಫ್ಲೀಟರು ಶಾಸನಗಳ ಸಂಶೋಧಕರೆಂದು ಪ್ರಸಿದ್ಧರು. ಅವರು ಉತ್ತರ ಕರ್ನಾಟಕದಲ್ಲಿ ಹಾಡುತ್ತಿದ್ದ ಲಾವಣಿಗಳನ್ನು ಬರೆಯಿಸಿಕೊಂಡು, 1885ರಿಂದ ಮುಂದೆ ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯಲ್ಲಿ ಇಂಗ್ಲೀಷು ಅನುವಾದದೊಡನೆ ಪ್ರಕಟಿಸಿದರು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯಿದೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ದಂಗೆಯೆದ್ದ ಹಲಗಲಿ ಬೇಡರ ಲಾವಣಿಯೂ ಇದೆ. ತಮ್ಮ ಸರಕಾರದ ವಿರುದ್ಧ ಎದ್ದವರ ಹಾಡನ್ನು ಆ ಸರಕಾರದ ಅಧಿಕಾರಿಯೇ ಕಾಪಾಡಿದರು. ಆಂಗ್ಲರ ಆಳಿಕೆಯ ಅನ್ಯಾಯವನ್ನು ಮರೆಯಬೇಕೆಂದು ನಾವು ಹೇಳುವುದಿಲ್ಲ. ಆ ಲಾವಣಿಗಳೇ ಮರೆಯಗೊಡುವುದಿಲ್ಲ. ಆದರೆ ತನಗೆ ಒಪ್ಪದ ಹಾಡನ್ನೂ ಇದ್ದಂತೆ ಬರೆದಿಡಬೇಕೆಂಬ ಆ ಶಿಸ್ತು, ಯಾರಿಂದಲಾದರೂ ಕಲಿಯತಕ್ಕ ಗುಣವಲ್ಲವೇ?

ಹಾಡಿಗೆ ಹೇಳಿದ ಮಾತು ಆಟಕ್ಕೂ ಸಲ್ಲುತ್ತದೆ. ನಮ್ಮ ಮೈದಾನದಲ್ಲಿ ಹುಡುಗಿಯರು ಆಡುವ ಬ್ಯಾಸ್ಕೆಟ್‌ಬಾಲು ಪುರಾತನವಾದುದೆಂದು ಕೆಲವರು ತಿಳಿದಿರುವರು. ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು 1891ರಲ್ಲಿ, ಚಳಿಗಾಲದಲ್ಲಿ ಹುಡುಗರಿಗೆ ಒಳಮನೆಯಲ್ಲಿ ಆಡಲು ಒಂದು ಆಟ ಬೇಕೆಂದು, ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿ, 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಮರುವರ್ಷವೇ ಸ್ಮಿತ್ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್‌ಸನ್ ಅದನ್ನು ಹೆಣ್ಣುಮಕ್ಕಳಿಗೆ ಒಗ್ಗುವಂತೆ ಮಾರ್ಪಡಿಸಿದಳು. 1893ರಲ್ಲಿ ಅಲ್ಲಿ ಮೊದಲ ಪಂದ್ಯ ನಡೆದಾಗ ಗಂಡಸರಿಗೆ ನೋಡಲು ಪ್ರವೇಶವಿರಲಿಲ್ಲ. ಮಗಳು ಮೈದಾನಕ್ಕೆ ಇಳಿದರೆ ಜನರು ಏನೆನ್ನುವರೋ ಎಂದು ಅಳುಕುವ ನಮ್ಮ ಪಾಲಕರು ಆ ಅಳುಕು ನಮ್ಮ ದೇಶದ್ದೊಂದೇ ಅಲ್ಲವೆಂದು ಸಮಾಧಾನಪಡಬಹುದು.

ಒಂದು ಕೋಣೆಯ ಆಟವು ಲೋಕದ ಆಟವಾದುದಕ್ಕೆ ನಿಯಮವನ್ನು ಬರೆದು ಗೋಡೆಗೆ ಅಂಟಿಸಿದ್ದೇ ಒಂದು ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ. ಬರೆದಾಗ ಅಪರಿಚಿತನೂ ಅದನ್ನು ಆಡಬಲ್ಲನು. ನಮ್ಮ ಖೊಖೊ ಆಟದ ಭಾಗ್ಯವೂ ಹೀಗೆಯೇ ತೆರೆಯಿತು. ಊರಿಗೊಂದು ರೀತಿಯಾಗಿದ್ದ ಆ ಆಟಕ್ಕೆ ಪುಣೆಯ ಡೆಕ್ಕನ್ ಜಿಮ್ಖಾನಾದವರು 1914ರಲ್ಲಿ ನಿಯಮಗಳನ್ನು ಕಟ್ಟಿದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೊಖೊ ಆಟದ ಮೊದಲ ವಿಶ್ವಕಪ್ ನಡೆದಾಗ, ನಮ್ಮ ದೇಶದ ಹೆಣ್ಣುಮಕ್ಕಳು ಅಂತಿಮ ಪಂದ್ಯದಲ್ಲಿ ನೇಪಾಳವನ್ನು ಸೋಲಿಸಿ ಗೆದ್ದರು. ಹಳ್ಳಿಯ ಅಂಗಳದ ಆಟವೆಂದು ಅದನ್ನು ಬಿಟ್ಟಿದ್ದರೆ ಈ ಗೆಲುವೆಲ್ಲಿ? ಪಂಚಮಿಯ ಜೋಕಾಲಿ, ಫುಗಡಿ, ಕುಂಟಾಟ, ಹರಳಿನ ಆಟ ಇವು ನಮ್ಮ ಅಂಗಳಗಳಿಂದ ಒಂದೊಂದಾಗಿ ಕಾಣೆಯಾಗುತ್ತಿರುವುವು. ಅವುಗಳ ನಿಯಮಗಳನ್ನು, ಅವುಗಳೊಡನೆ ಹೇಳುವ ಮಾತುಗಳನ್ನು ಬರೆದಿಟ್ಟವರು ನಮ್ಮಲ್ಲಿ ಯಾರು?

ಇಲ್ಲಿ ಎರಡು ಆಕ್ಷೇಪಣೆಗಳು ಬರುವುವೆಂದು ಬಲ್ಲೆವು. ಮೊದಲನೆಯದು ನಮ್ಮ ಸಭೆಯ ಹಿರಿಯರದು. ಈ ಹಾಡುಗಳಲ್ಲಿ ಅನ್ಯ ದೇವತೆಗಳ ಹೆಸರುಗಳಿವೆ. ಕ್ರೈಸ್ತ ಶಾಲೆಯು ಅವನ್ನು ಬರೆದಿಡುವುದು ಸರಿಯೇ ಎಂದು ಅವರು ಕೇಳುವರು. ನಾವು ಉತ್ತರವಾಗಿ ಒಬ್ಬ ಬೋಧಕರ ಹೆಸರನ್ನು ಹೇಳುತ್ತೇವೆ. ಕ್ರೈಸ್ತ ಯೋಧರ ನಡಿಗೆಯನ್ನು ವರ್ಣಿಸುವ ಜಗತ್ಪ್ರಸಿದ್ಧ ಕೀರ್ತನೆಯನ್ನು ಬರೆದ ಸೇಬೈನ್ ಬೇರಿಂಗ್-ಗೌಲ್ಡ್ ಎಂಬ ಬೋಧಕರೇ, ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಮುದುಕರ ಬಳಿಗೆ ಹೋಗಿ ಹಳ್ಳಿಯ ಹಾಡುಗಳನ್ನು ಕೂಡಿಸಿದರು; ತಮ್ಮ ಬಾಳಿನ ಕೆಲಸಗಳಲ್ಲಿ ಅದೇ ಮುಖ್ಯವೆಂದು ಎಣಿಸಿದರು. 1906ರ ಇಂಗ್ಲಿಷ್ ಹಿಮ್ನಲ್ ಎಂಬ ಕೀರ್ತನೆಗಳ ಪುಸ್ತಕದಲ್ಲಿ ವಾನ್ ವಿಲಿಯಮ್ಸರು ಬೇತ್ಲೆಹೇಮಿನ ಗೀತಕ್ಕೆ ಹಾಕಿದ ರಾಗವು, ಅವರು ಸರ್ರೆ ಸೀಮೆಯ ಒಬ್ಬ ಹಳ್ಳಿಗನ ಬಾಯಿಂದ ಕೇಳಿ ಬರೆದುಕೊಂಡದ್ದು. ಇಂಗ್ಲೆಂಡಿನ ಸಭೆಗಳಲ್ಲಿ ಇಂದಿಗೂ ಆ ರಾಗವನ್ನು ಹಾಡುತ್ತಾರೆ. ಹಳ್ಳಿಯ ರಾಗವು ದೇವಾಲಯಕ್ಕೆ ಬಂದುದರಿಂದ ದೇವಾಲಯವು ಮೈಲಿಗೆಯಾಗಲಿಲ್ಲ.

ಮೇಲಾಗಿ, ನೆರೆಯವಳ ಹಾಡನ್ನು ಗೌರವದಿಂದ ಬರೆದುಕೊಳ್ಳುವುದು ಆಕೆಯ ಆರಾಧನೆಯಲ್ಲಿ ಪಾಲ್ಗೊಳ್ಳುವುದಲ್ಲ, ಆಕೆಯನ್ನು ಪ್ರೀತಿಸುವುದು. ನಮ್ಮ ಪವಿತ್ರ ಗ್ರಂಥದಲ್ಲಿಯೇ ಮಿರ್ಯಾಮಳ ಹಾಡಿದೆ, ದೆಬೋರಳ ಹಾಡಿದೆ, ಹನ್ನಳ ಹಾಡಿದೆ, ಕನ್ಯೆ ಮರಿಯಳ ಹಾಡಿದೆ. ಯಾರೋ ಒಬ್ಬರು ಇವು ಹೆಂಗಸರ ಹಾಡುಗಳೆಂದು ತಳ್ಳಿಹಾಕದೆ ಬರೆದಿಟ್ಟದ್ದರಿಂದಲೇ ನಾವು ಅವನ್ನು ಬಲ್ಲೆವು. ಹಾಡಿದವರ ಹೆಸರುಗಳನ್ನೂ ಬಲ್ಲೆವು.

ಎರಡನೆಯ ಆಕ್ಷೇಪಣೆಯು ನಮ್ಮ ಹಳೆಯ ವಿದ್ಯಾರ್ಥಿನಿಯರದೇ. ಬೀಸುವ ಕಲ್ಲಿನ ಕಷ್ಟದಿಂದ ಬಿಡಿಸಿಕೊಂಡು ಬಂದವರು ನಾವು. ಆ ಕಷ್ಟವನ್ನು ಹಾಡಿ ಹೊಗಳುವುದೇಕೆ ಎಂದು ಒಬ್ಬಾಕೆ ನಮ್ಮನ್ನು ಕೇಳಿದ್ದುಂಟು. ಇದು ಹಗುರವಾದ ಮಾತಲ್ಲ. ಬೆಳಗಿನ ಜಾವದಲ್ಲಿ ಎದ್ದು ಬೀಸಿದ ಕೈಗಳ ನೋವನ್ನು ಹಾಡಿನ ಚೆಲುವು ಮುಚ್ಚಬಾರದು. ಗಿರಣಿ ಬಂದುದು ಹೆಣ್ಣುಮಕ್ಕಳಿಗೆ ಉಪಕಾರವೇ ಆಯಿತು. ಬೀಸುವ ಕಲ್ಲು ಮರಳಿ ಬರಲೆಂದು ನಾವು ಎಂದಿಗೂ ಬಯಸೆವು. ಆದರೆ ಆ ಹಾಡುಗಳು ಕಲ್ಲಿನ ಹೊಗಳಿಕೆಗಳಲ್ಲ. ಅತ್ತೆಯ ಮುಂದೆ ಆಡಲಾಗದ ಮಾತನ್ನು, ತವರಿಗೆ ಹೇಳಿಕಳುಹಿಸಲಾಗದ ದುಃಖವನ್ನು ಆಕೆ ಕಲ್ಲಿನ ಮುಂದೆ ಹಾಡಿದಳು. ಬೇರೆ ಯಾವ ಕಾಗದದಲ್ಲಿಯೂ ದಾಖಲಾಗದ ನಮ್ಮ ಸೀಮೆಯ ಹೆಂಗಸರ ಚರಿತ್ರೆಯು ಅಲ್ಲಿದೆ. ಕಲ್ಲನ್ನು ಬಿಟ್ಟುಬಿಡೋಣ, ಸಾಕ್ಷಿಯನ್ನು ಬಿಡಬಾರದು.

ಆದುದರಿಂದ ಒಂದು ಬಿನ್ನಹ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಸೀಮೆಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರು ಇಲ್ಲದ ಊರು ವಿರಳ. ಪ್ರತಿಯೊಬ್ಬಳೂ ತನ್ನ ಅವ್ವ, ಅತ್ತೆ, ಅಜ್ಜಿ, ನೆರೆಮನೆಯ ಮುದುಕಿ ಇವರಲ್ಲಿ ಒಬ್ಬರಿಂದಾದರೂ ಒಂದು ಹಾಡನ್ನಾಗಲಿ ಒಂದು ಆಟದ ರೀತಿಯನ್ನಾಗಲಿ ಬರೆದುಕೊಳ್ಳಲಿ. ಕೈಯಲ್ಲಿ ಮೊಬೈಲು ಇದ್ದವರು ದನಿಯನ್ನೂ ಹಿಡಿದಿಡಲಿ. ಮಾರ್ಗರೆಟ್ ಲೇಡ್ಲಾಳ ಆಕ್ಷೇಪಣೆಗೆ ಅರ್ಧ ಉತ್ತರ ಅದರಲ್ಲಿದೆ. ಹಾಡಿದವಳ ಒಪ್ಪಿಗೆಯನ್ನು ಪಡೆದು, ಆಕೆಯ ಹೆಸರು, ಊರು, ವಯಸ್ಸು, ಯಾರಿಂದ ಕಲಿತಳು, ಯಾವ ಕೆಲಸದ ಹೊತ್ತಿನಲ್ಲಿ ಹಾಡುತ್ತಿದ್ದಳು ಎಂಬಿವನ್ನು ತಪ್ಪದೆ ಬರೆಯತಕ್ಕದ್ದು. ಮಾತನ್ನು ತಿದ್ದಬಾರದು. ಬೇರಿಂಗ್-ಗೌಲ್ಡರು ಅಚ್ಚಿಗೆ ಸಲ್ಲವೆಂದು ಎಷ್ಟೋ ಹಾಡುಗಳ ಮಾತುಗಳನ್ನು ಬದಲಿಸಿದರು. ಕೇಳಿದಂತೆ ಬರೆದ ಅವರ ಹಸ್ತಪ್ರತಿಗಳು ಉಳಿದದ್ದರಿಂದ ಮಾತ್ರ ಮೂಲವು ನಮಗೆ ದೊರೆತಿದೆ. ಶಾಲೆಯ ಗ್ರಂಥಾಲಯದಲ್ಲಿ ಇದಕ್ಕಾಗಿ ಒಂದು ಕಪಾಟನ್ನು ತೆಗೆದಿರಿಸಿದ್ದೇವೆ. ಇಂದು ಅದು ಬರಿದಾಗಿದೆ. ಅದರ ಮೊದಲನೆಯ ವಹಿಯಲ್ಲಿ, ಮೂರನೆಯ ಸಾಲು ಸಿಕ್ಕದ ಆ ತ್ರಿಪದಿಯ ಎರಡು ಸಾಲುಗಳನ್ನು ನಾವು ನಮ್ಮ ಕೈಯಿಂದಲೇ ಬರೆದು, ಹಾಡಿದ ತಾಯಿಯ ಹೆಸರನ್ನು ಕೆಳಗೆ ಬರೆದಿದ್ದೇವೆ. ಮೂರನೆಯ ಸಾಲಿಗೆ ಸ್ಥಳವನ್ನು ಬಿಟ್ಟಿದ್ದೇವೆ. ಹಲಸಂಗಿಯ ಯಾವ ಮನೆಯಲ್ಲಾದರೂ ಅದನ್ನು ಬಲ್ಲ ಮುದುಕಿ ಇರಬಹುದು.

ಐದು ಸಾವಿರ ಮಂದಿ ಉಂಡು ತೃಪ್ತರಾದ ಮೇಲೆಯೂ ನಮ್ಮ ಕರ್ತನು ಉಳಿದ ರೊಟ್ಟಿಯ ತುಣುಕುಗಳನ್ನು ವ್ಯರ್ಥಮಾಡದೆ ಕೂಡಿಸಿಡುವಂತೆ ಶಿಷ್ಯರಿಗೆ ಅಪ್ಪಣೆಕೊಟ್ಟನು. ಹನ್ನೆರಡು ಪುಟ್ಟಿಗಳು ತುಂಬಿದುವು. ವಿದ್ಯೆಯಿಂದ ತೃಪ್ತರಾದ ನಾವು ನಮ್ಮ ತಾಯಂದಿರ ತುಣುಕುಗಳನ್ನು ಕೂಡಿಸದೆ ಎದ್ದುಹೋಗದಿರೋಣ. ದೇವರು ನಿಮ್ಮನ್ನೂ ನಿಮ್ಮ ಮನೆಗಳನ್ನೂ ಆಶೀರ್ವದಿಸಲಿ.

ನಿಮ್ಮ ಹಿತೈಷಿ,
ಮುಖ್ಯಾಧ್ಯಾಪಿಕೆ